ಇಂಡಿಯ ಹಿತ್ತಲು: ಮೊದಲ ವರ್ಷದ ದಾಖಲೆ

ಮೇ ತಿಂಗಳ ಎರಡನೆಯ ವಾರದಲ್ಲಿ ನಾವು ಬೆಳಗಾವಿ ಜಿಲ್ಲೆಯ ಖಾನಾಪುರ ಬಿಟ್ಟು ವಿಜಯಪುರ ಜಿಲ್ಲೆಯ ಇಂಡಿಗೆ ಬಂದೆವು. ಯಜಮಾನರಿಗೆ ಬ್ಯಾಂಕಿನಲ್ಲಿ ವರ್ಗವಾಗಿತ್ತು. ಮಗಳಿಗೆ ಆಗ ನಾಲ್ಕು ವರ್ಷ, ಮಗನಿಗೆ ಏಳು ತಿಂಗಳು. ಬೆಳಗಾವಿ, ಚಿಕ್ಕೋಡಿ, ಅಥಣಿ ದಾಟಿ ವಿಜಯಪುರದ ಕಡೆಗೆ ಸಾಗಿದಂತೆ ಮರಗಳು ವಿರಳವಾಗುತ್ತಾ ಹೋಗಿ, ರಸ್ತೆಯ ಎರಡೂ ಬದಿಗೆ ಉತ್ತು ಬಿಟ್ಟ ಕರಿಯ ಹೊಲಗಳು ಆಕಾಶದ ಅಂಚು ಮುಟ್ಟುವವರೆಗೆ ಬರಿದಾಗಿ ಹರಡಿಕೊಂಡಾಗ, ಮಗಳು "ಅವ್ವಾ, ಇಲ್ಲಿ ಹೊಳಿ ಎಲ್ಲೈತಿ?" ಎಂದು ಕೇಳಿದಳು. ಮಲಪ್ರಭೆಯ ದಂಡೆಯಲ್ಲಿ ಹುಟ್ಟಿ ಬೆಳೆದ ಮಗುವಿಗೆ ಹೊಳೆಯಿಲ್ಲದ ಊರೂ ಇರುತ್ತದೆಂಬುದು ಗೊತ್ತಿರಲಿಲ್ಲ. ಇದು ಮರುಭೂಮಿಯಲ್ಲ, ಅರೆಶುಷ್ಕ ನಾಡು ಎಂದು ಪುಸ್ತಕಗಳು ಹೇಳುತ್ತವೆ. ಆದರೆ ಮೇ ತಿಂಗಳಲ್ಲಿ ಬಂದಿಳಿದ ನಮ್ಮ ಕಣ್ಣಿಗೆ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ.

ಬಾಡಿಗೆ ಮನೆಯ ಹಿಂದೆ ಇಪ್ಪತ್ತು ಅಡಿ ಉದ್ದ, ಹದಿನೈದು ಅಡಿ ಅಗಲದ ಹಿತ್ತಲು ಇತ್ತು. ಮನೆಗೆ ಬೇಕಾದ ಪಲ್ಯವನ್ನಾದರೂ ಅಲ್ಲಿಯೇ ಬೆಳೆಯಬೇಕೆಂದು ಬಂದ ಮೊದಲ ವಾರವೇ ನಿಶ್ಚಯಿಸಿದೆ. ಈ ದಾಖಲೆ ಆ ಹಿತ್ತಲಿನದು.

ಮೇ 24

ಮನೆಯ ಬೋರಿನ ನೀರು ಸವಳು. ಪಾತ್ರೆಯಲ್ಲಿ ಕಾಯಿಸಿದರೆ ತಳದಲ್ಲಿ ಬಿಳಿಯ ಪರೆ ಕಟ್ಟುತ್ತದೆ. ಯಜಮಾನರ ಸಹೋದ್ಯೋಗಿಯೊಬ್ಬರು ತಂದುಕೊಟ್ಟ ಮೀಟರಿನಲ್ಲಿ ನೋಡಿದಾಗ ಕರಗಿದ ಲವಣಗಳ ಪ್ರಮಾಣ ಲೀಟರಿಗೆ 1,480 ಮಿಲಿಗ್ರಾಂ ಬಂತು. ಕುಡಿಯುವ ನೀರಿಗೆ ಭಾರತೀಯ ಮಾನಕ 500ನ್ನು ಅಪೇಕ್ಷಣೀಯ ಮಿತಿಯೆಂದು ಹೇಳುತ್ತದೆ. ಬೇರೆ ನೀರೇ ಸಿಗದ ಕಡೆ 2,000ದವರೆಗೆ ಒಪ್ಪುತ್ತದೆ. ಖಾನಾಪುರದಿಂದ ಕುಂಡದಲ್ಲಿ ತಂದ ಕರಿಬೇವಿನ ಎಲೆಗಳು ಹದಿನೈದೇ ದಿನದಲ್ಲಿ ಹಳದಿಯಾಗಿವೆ. ಕುಂಡದ ಮಣ್ಣಿನ ಮೇಲೆ ಉಪ್ಪು ಉದುರಿಸಿದಂತೆ ಬಿಳುಪು ಕಾಣಿಸಿಕೊಂಡಿದೆ.

ಹಿತ್ತಲಿನ ನೆಲ ಅಪ್ಪಟ ಎರೆಮಣ್ಣು. ಬಿರುಕುಗಳು ಎಷ್ಟು ಅಗಲವಾಗಿವೆ ಎಂದರೆ ನನ್ನ ಕೈ ಮಣಿಕಟ್ಟಿನವರೆಗೆ ಒಳಗೆ ಹೋಗುತ್ತದೆ, ಬೆರಳ ತುದಿಗೆ ತಳ ಸಿಗುವುದಿಲ್ಲ. ಮಗಳು ಆಡುತ್ತ ಮಗನ ಗಂಜಿಯ ಚಮಚೆಯನ್ನು ಅದರೊಳಗೆ ಬೀಳಿಸಿದಳು. ಬ್ಯಾಟರಿ ಹಿಡಿದು ನೋಡಿದರೂ ಅದು ಕಾಣಲಿಲ್ಲ.

ಜೂನ್ 16

ಮೃಗಶಿರ ಹೂಡಿದ ಮರುದಿನ, ಸಂಜೆ ಒಂದು ಅಡ್ಡಮಳೆ ಬಿತ್ತು. ಬಾಟಲಿಯಿಂದ ಮಾಡಿದ ನಮ್ಮ ಮಳೆಮಾಪಕದಲ್ಲಿ 14 ಮಿ.ಮೀ. ಇತ್ತು. ಊರಿನಲ್ಲಿ ಅಮ್ಮ ಮಾಡುತ್ತಿದ್ದಂತೆಯೇ ಮರುದಿನವೇ ನೆಲ ಕೆದಕಿ ಬೆಂಡೆ, ಹೀರೆ, ಸೌತೆ, ರಾಜಗಿರಿ, ಮೆಂತ್ಯ ಬಿತ್ತಿದೆ. ಐದನೆಯ ದಿನಕ್ಕೆ ಮೊಳಕೆ ಬಂದವು. ಆ ಸಾಲುಗಳನ್ನು ನೋಡಿದ ದಿನ ಈ ಊರು ನಮ್ಮದಾಗುತ್ತದೆಂಬ ಧೈರ್ಯ ಬಂತು.

ಜುಲೈ 21

ಒಂದೂ ಉಳಿಯಲಿಲ್ಲ. ಆ ಮಳೆಯ ನಂತರ ಆರು ವಾರಗಳಲ್ಲಿ ಬಿದ್ದದ್ದು ಒಟ್ಟು 19 ಮಿ.ಮೀ.; ಅದೂ ನಾಲ್ಕೈದು ಸಲ, ಧೂಳು ಅಡಗಿಸುವಷ್ಟು ಮಾತ್ರ. ಮೋಡಗಳು ದಿನವಿಡೀ ಪಶ್ಚಿಮದಿಂದ ಪೂರ್ವಕ್ಕೆ ಓಡುತ್ತಲೇ ಇದ್ದವು, ಗಾಳಿ ಮಾತ್ರ ಹಗಲು ರಾತ್ರಿ ನಿಲ್ಲಲಿಲ್ಲ. ಬೋರಿನ ನೀರು ಹಾಕಿದಷ್ಟೂ ಎಳೆಯ ಗಿಡಗಳ ಎಲೆಯಂಚು ಸುಟ್ಟು ಹೋಗುತ್ತಿತ್ತು. ಮಗನನ್ನು ಸೊಂಟದ ಮೇಲೆ ಹೊತ್ತು, ಒಣಗಿದ ಹೀರೆಯ ಬಳ್ಳಿಗಳನ್ನು ಕಿತ್ತು ಹಾಕಿದ ದಿನ ನಾನು ಅತ್ತದ್ದು ಬಳ್ಳಿಗಳಿಗಾಗಿ ಮಾತ್ರವಲ್ಲ.

ಕಾರಣ ಈಗ ತಿಳಿಯುತ್ತಿದೆ. ಜೂನ್–ಜುಲೈನಲ್ಲಿ ಅರಬ್ಬೀ ಸಮುದ್ರದಿಂದ ಬರುವ ಗಾಳಿ ತನ್ನ ನೀರಿನ ಬಹುಪಾಲನ್ನು ಸಹ್ಯಾದ್ರಿಯ ಮೇಲೆಯೇ, ಅಂದರೆ ನಮ್ಮ ಕಣಕುಂಬಿ, ಖಾನಾಪುರದ ಕಡೆಯೇ, ಸುರಿದು ಬರುತ್ತದೆ. ಇಲ್ಲಿಗೆ ತಲುಪುವಾಗ ಉಳಿದಿರುವುದು ಗಾಳಿ ಮತ್ತು ಖಾಲಿ ಮೋಡ. ವಿಜಯಪುರ ಜಿಲ್ಲೆಯ ವರ್ಷದ ಸರಾಸರಿ ಮಳೆ 600 ಮಿ.ಮೀ. ಆಸುಪಾಸಿನದು, ಖಾನಾಪುರದಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಬೀಳುತ್ತದೆ. ಪ್ರಮಾಣಕ್ಕಿಂತ ಮುಖ್ಯವಾದ ವ್ಯತ್ಯಾಸ ಕಾಲದ್ದು: ಇಲ್ಲಿಯ ದೊಡ್ಡ ಮಳೆ ಸೆಪ್ಟೆಂಬರಿನದು, ಮುಂಗಾರು ಹಿಂದೆ ಸರಿಯುವ ಹೊತ್ತಿನದು. ನಾನು ಅಮ್ಮನ ಪಂಚಾಂಗವನ್ನು ಬೇರೊಂದು ನೆಲದ ಮೇಲೆ ಓದಿದ್ದೆ.

ಬಾಜೂ ಮನೆಯ ಕಾಕಾ ಗೋಡೆಯ ಆಚೆಯಿಂದ ಇದನ್ನೆಲ್ಲ ನೋಡುತ್ತಿದ್ದರಂತೆ. ಅವರಿಗೆ ಊರ ಹೊರಗೆ ಆರು ಎಕರೆ ಹೊಲ, ಸ್ವಲ್ಪ ನಿಂಬೆ ತೋಟ ಇದೆ. "ನೋಡವಾ ತಂಗಿ, ಇದು ಮಿರಗದಾಗ ಬಿತ್ತೂ ನೆಲ ಅಲ್ಲ. ಮೊದಲ ನೆಲಕ್ಕ ಮಳಿ ಕುಡಸು. ಉತ್ತರಿ ಮಳಿ ಹೋಗಲಿ, ಆಮ್ಯಾಲೆ ಬೀಜ ಹಾಕು. ಹಸಿ ಇದ್ರ ಬೆಳಿ ತಾನ ಬರ್ತೈತಿ" ಎಂದರು. ಅವರ ಹೊಲದ ಬಿಳಿಜೋಳ ಬಿತ್ತುವುದು ಸೆಪ್ಟೆಂಬರ್ ಕೊನೆಗೆ. ಆಮೇಲೆ ಒಂದು ಹನಿ ಬೀಳದಿದ್ದರೂ ಎರೆಮಣ್ಣು ಹಿಡಿದಿಟ್ಟ ಹಸಿಯ ಮೇಲೆಯೇ ಅದು ತೆನೆಗಟ್ಟುತ್ತದೆ. ಇಲ್ಲಿಯ ಡೋಣಿ ಹೊಳೆಯ ಬಗ್ಗೆ "ಡೋಣಿ ಹರಿದರೆ ಓಣಿಯೆಲ್ಲ ಜೋಳ" ಎಂಬ ಈ ಸೀಮೆಯ ಗಾದೆಯನ್ನು ನಾನು ಮೊದಲು ಕೇಳಿದ್ದು ಅವರ ಬಾಯಿಂದಲೇ.

ಹಾಗಾಗಿ ಯೋಜನೆಯನ್ನು ತಿರುವಿ ಹಾಕಿದೆ. ಗಿಡದ ಚಿಂತೆ ಬಿಟ್ಟು, ಮುಂದಿನ ಎರಡು ತಿಂಗಳು ನೀರನ್ನು ಹಿಡಿಯುವುದಕ್ಕೆ ಮಾತ್ರ ಮೀಸಲು.

ಆಗಸ್ಟ್ 18

ಎರಡು ಕೆಲಸಗಳು ಜೊತೆಜೊತೆಗೆ ನಡೆದವು: ಮಾಳಿಗೆಯ ನೀರನ್ನು ಟಾಕಿಗೆ ತರುವುದು, ಹಿತ್ತಲಿನ ನೀರನ್ನು ಹಿತ್ತಲಿನಲ್ಲೇ ಇಂಗಿಸುವುದು.

ಲೆಕ್ಕ ಸರಳವಾಗಿದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ನಮ್ಮ ಮಾಳಿಗೆ 56 ಚದರ ಮೀಟರ್. ಕಾಂಕ್ರೀಟು ಹೀರಿದ್ದು, ಸಿಡಿದದ್ದು ಕಳೆದು ನೂರಕ್ಕೆ 80ರಷ್ಟು ಸಿಕ್ಕರೂ ಪ್ರತಿ ಮಿ.ಮೀ.ಗೆ 45 ಲೀಟರ್. ಅಂದರೆ 22 ಮಿ.ಮೀ.ಯ ಒಂದೇ ಮಳೆಗೆ ಸಾವಿರ ಲೀಟರಿನ ಟಾಕಿ ತುಂಬಬೇಕು. ಮನೆಯ ಮಾಲೀಕರು ಗೋಡೆಗೆ ತೂತು ಹಾಕಬಾರದೆಂಬ ಷರತ್ತಿನ ಮೇಲೆ ಒಪ್ಪಿದರು. ಮಾಳಿಗೆಯ ದೋಣಿಗೆ ನಾಲ್ಕು ಇಂಚಿನ ಪಿವಿಸಿ ಪೈಪು ಸೇರಿಸಿ, ನೇರವಾಗಿ ಟಾಕಿಗೆ ಇಳಿಸಿದೆವು.

ಆಗಸ್ಟ್ 3ರ 8 ಮಿ.ಮೀ. ಮಳೆಗೆ ಟಾಕಿಯಲ್ಲಿ ಮೂರು ಗೇಣು ನೀರು ನಿಂತಿತು. ನಾಲ್ಕನೆಯ ದಿನ ಮುಚ್ಚಳ ತೆಗೆದರೆ ಮೂಗು ಮುಚ್ಚಿಕೊಳ್ಳಬೇಕಾಯಿತು. ಬೇಸಿಗೆಯುದ್ದಕ್ಕೂ ಮಾಳಿಗೆಯ ಮೇಲೆ ಕೂತಿದ್ದ ಧೂಳು, ಪಾರಿವಾಳದ ಹಿಕ್ಕೆ, ಒಣಗಿದ ಬೇವಿನ ಎಲೆ ಎಲ್ಲವೂ ಅದರಲ್ಲಿ ಸೇರಿದ್ದವು. ಮೊದಲ ಮಳೆಯ ನೀರನ್ನು ಹೊರಗೆ ಬಿಡಬೇಕೆಂಬ ಪ್ರಾಥಮಿಕ ವಿಷಯವನ್ನು ನಾವು ಮರೆತಿದ್ದೆವು. ಟಾಕಿ ಬರಿದು ಮಾಡಿ ತಿಕ್ಕಲು ಒಂದು ಭಾನುವಾರ ಪೂರ್ತಿ ಹೋಯಿತು.

ಇದಕ್ಕೆ ಪರಿಹಾರ ಸಿಕ್ಕಿದ್ದು ವಿಜಯಪುರದಲ್ಲಿ. ಮಗನ ಲಸಿಕೆಗೆಂದು ಹೋದವರು, ಉಳಿದ ಅರ್ಧ ದಿನದಲ್ಲಿ ತಾಜ್ ಬಾವಡಿ ನೋಡಲು ಹೋದೆವು. ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಲದಲ್ಲಿ, 1620ರಲ್ಲಿ, ಕಟ್ಟಿಸಿದ ಆ ವಿಶಾಲ ಬಾವಿಯ ಮೆಟ್ಟಿಲ ಮೇಲೆ ನಿಂತಾಗ, ನನಗಿಂತ ಬಹಳ ಮೊದಲೇ ಈ ಒಣನೆಲದಲ್ಲಿ ನೀರಿನ ಚಿಂತೆ ಮಾಡಿದವರು ಎಂಥ ಧಾರಾಳದಿಂದ ಮಾಡಿದ್ದರೆಂದು ಮನಸ್ಸು ತುಂಬಿಬಂತು. ತೊರವಿಯಿಂದ ಸುರಂಗದಲ್ಲಿ, 1651ರ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಪಟ್ಟಣಕ್ಕೆ ಬರುತ್ತಿತ್ತು. ಆ ಕೊಳವೆಗಳ ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂದು ಕರೆಯುವ ಕಲ್ಲಿನ ನೀರುಗೋಪುರಗಳನ್ನು ಕಟ್ಟಿದ್ದರು. ಕೊಳವೆ ಒಡೆಯದಂತೆ ನೀರಿನ ಒತ್ತಡ ತಗ್ಗಿಸುವುದು ಅವುಗಳ ಒಂದು ಕೆಲಸವಾದರೆ, ನೀರು ಕ್ಷಣಕಾಲ ನಿಂತು ಹೂಳು ತಳಕ್ಕಿಳಿಯುವಂತೆ ಮಾಡುವುದು ಇನ್ನೊಂದು.

ನಮಗೂ ಒಂದು ಗಂಜ್ ಬೇಕಿತ್ತು. ಮರಳಿ ಬಂದು ಇನ್ನೂರು ಲೀಟರಿನ ಹಳೆಯ ಡ್ರಮ್ಮನ್ನು ಪೈಪಿಗೂ ಟಾಕಿಗೂ ನಡುವೆ ಇಟ್ಟೆವು. ನೀರು ಮೊದಲು ಡ್ರಮ್ಮಿಗೆ ಬೀಳುತ್ತದೆ, ತುಂಬಿದ ಮೇಲೆ ಅಂಚಿನ ಕೆಳಗಿನ ಪೈಪಿನಿಂದ ಟಾಕಿಗೆ ಹರಿಯುತ್ತದೆ. ಕೊಳೆ ಡ್ರಮ್ಮಿನ ತಳದಲ್ಲೇ ಉಳಿಯುತ್ತದೆ. ತಳದ ನಲ್ಲಿ ತಿರುಗಿಸಿ ಆ ಕೆಸರುನೀರನ್ನು ಪ್ರತಿ ಮಳೆಯ ನಂತರ ಬೇವಿನ ಮರದ ಬುಡಕ್ಕೆ ಬಿಡುತ್ತೇವೆ. ಮೀಟರಿನಲ್ಲಿ ಟಾಕಿಯ ನೀರಿನ ಲವಣ ಲೀಟರಿಗೆ 30 ಮಿಲಿಗ್ರಾಂ ತೋರಿಸಿತು.

ಸೆಪ್ಟೆಂಬರ್ 29

ಹಿತ್ತಲನ್ನು ಐದಡಿ ಚೌಕದ ಹನ್ನೆರಡು ಮಡಿಗಳಾಗಿ ಮಾಡಿ, ಸುತ್ತ ಅರ್ಧ ಅಡಿ ಎತ್ತರದ ಒಡ್ಡು ಹಾಕಿದ್ದೇನೆ. ಬಿದ್ದ ಮಳೆ ಬಿದ್ದಲ್ಲಿಯೇ ನಿಲ್ಲಬೇಕೆಂಬುದು ಇದರ ತತ್ವ. ಇದು ನನ್ನ ಕಲ್ಪನೆಯಲ್ಲ. ಎರೆಹೊಲಗಳಲ್ಲಿ ಬಿತ್ತನೆಗೆ ಮುಂಚೆ ಚೌಕು ಮಡಿ ಮಾಡುವ ಕ್ರಮವನ್ನು ಇಲ್ಲಿಯ ಕೃಷಿ ವಿಜ್ಞಾನಿಗಳು ರೈತರಿಗೆ ಹೇಳುತ್ತಲೇ ಬಂದಿದ್ದಾರೆ. 1930ರ ದಶಕದಲ್ಲಿ ಒಣಬೇಸಾಯದ ಸಂಶೋಧನೆಗೆಂದು ದೇಶದಲ್ಲಿ ತೆರೆದ ಐದು ಕೇಂದ್ರಗಳಲ್ಲಿ ಸೊಲ್ಲಾಪುರ, ರಾಯಚೂರು, ಹಗರಿ, ರೋಹಟಕ್ ಜೊತೆಗೆ ವಿಜಯಪುರವೂ ಒಂದಾಗಿತ್ತೆಂಬುದನ್ನು ತಿಳಿದಾಗ, ಬರಗಾಲದ ಜಿಲ್ಲೆಯೆಂದು ಮರುಕಪಡುತ್ತಿದ್ದ ಊರಿನ ಬಗ್ಗೆ ನನಗೆ ಗೌರವ ಹೆಚ್ಚಾಯಿತು.

ಉತ್ತರಿಯ ಮಳೆ ಮೂರು ರಾತ್ರಿ ಬಂತು: 31, 12, 44 ಮಿ.ಮೀ. ಮೊದಲ ರಾತ್ರಿಯೇ ಟಾಕಿ ತುಂಬಿ ಹರಿಯಿತು. ಹೆಚ್ಚುವರಿ ನೀರು ಗೋಡೆಯ ಬುಡಕ್ಕೆ ಹೋಗುತ್ತಿದ್ದುದನ್ನು ಯಜಮಾನರು ಮಳೆಯಲ್ಲೇ ನೆನೆದು ಕಾಲುವೆ ಕಡಿದು ಮಡಿಗಳಿಗೆ ತಿರುಗಿಸಿದರು. ಬಿರುಕುಗಳು ಗುಟುಗುಟು ಎಂದು ನೀರು ಕುಡಿದು, ಮಣ್ಣು ಉಬ್ಬಿ, ಎರಡನೆಯ ಬೆಳಿಗ್ಗೆಗೆ ಅವುಗಳ ಗುರುತೂ ಉಳಿದಿರಲಿಲ್ಲ. ಗುದ್ದಲಿ ಹಾಕುವಾಗ ಮಗಳು ಚಮಚೆಗಾಗಿ ಹುಡುಕಿದಳು. ಅದು ಇನ್ನೂ ಸಿಕ್ಕಿಲ್ಲ.

ಅಕ್ಟೋಬರ್ 6

ಕಾಕಾ ಬಂದು ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ನೋಡಿ, "ಈಗ ಹದಾ ಬಂತು" ಎಂದ ದಿನ ಬಿತ್ತಿದೆ. ನಾಲ್ಕು ಮಡಿ ಕಡಲೆ, ಎರಡು ಮಡಿ ಮೆಂತ್ಯ, ಒಂದೊಂದು ಮಡಿ ಸಬ್ಬಸಿಗೆ, ಕೊತ್ತಂಬರಿ, ಚವಳಿಕಾಯಿ; ಮೂರು ಮಡಿಗೆ ಮುಳಗಾಯಿಯ (ಬದನೆಯ) ಸಸಿ; ಒಡ್ಡುಗಳ ಮೇಲೆ ಕುಸುಬೆ. ಕಡಲೆ, ಕುಸುಬೆಗಳ ಬೇರು ಆಳಕ್ಕಿಳಿದು ಕೆಳಗಿನ ಹಸಿಯನ್ನು ಹುಡುಕಿಕೊಳ್ಳುತ್ತದೆ, ಅವುಗಳಿಗೆ ನಾನು ನೀರು ಕೊಡುವುದಿಲ್ಲ. ಟಾಕಿಯ ನೀರು ಸೊಪ್ಪಿಗೂ ಮುಳಗಾಯಿಗೂ, ದಿನಕ್ಕೆ ಎರಡು ಕೊಡ.

ನವೆಂಬರ್ 16

ಮಣ್ಣು ಮತ್ತೆ ಬಿರಿಯತೊಡಗಿದೆ. ಬಿರುಕು ಬಿಟ್ಟರೆ ಆಳದ ಹಸಿ ಅದರ ಮೂಲಕವೇ ಆವಿಯಾಗಿ ಹೋಗುತ್ತದೆ. ರೈತರು ಸಾಲುಗಳ ನಡುವೆ ಎಡೆ ಹೊಡೆಯುವುದು ಕಸಕ್ಕಾಗಿ ಮಾತ್ರವೆಂದು ತಿಳಿದಿದ್ದೆ. ಮೇಲ್ಮಣ್ಣನ್ನು ಪುಡಿ ಮಾಡಿ ಬಿರುಕಿಗೆ ಮುಚ್ಚಳ ಹಾಕುವುದೂ ಅದರ ಉದ್ದೇಶ. ವಾರಕ್ಕೊಮ್ಮೆ ಕುರ್ಪಿಯಿಂದ ಕೆದಕಿ, ಮೇಲೆ ಜೋಳದ ಕಣಕಿಯ ತುಂಡು ಹೊದಿಸುತ್ತಿದ್ದೇನೆ. ಮೆಂತ್ಯ ಎರಡು ಸಲ ಕೊಯ್ದಾಯಿತು.

ಎಳ್ಳ ಅಮವಾಸ್ಯೆ

ಕಡಲೆಯ ಗಿಡ ಮೊಣಕಾಲಿನ ಕೆಳಗೆ ದಟ್ಟವಾಗಿ ಹಬ್ಬಿದೆ. ಕುಡಿ ಚಿವುಟಿದಷ್ಟೂ ಅದು ಕವಲೊಡೆಯುತ್ತದೆ, ಚಿವುಟಿದ ಕುಡಿ ಪಲ್ಯವಾಗುತ್ತದೆ. ಕಾಕಾನ ಮನೆಯ ಕಾಕು ಒಂದು ಸಂಜೆ ತೆಳುವಾದ ಹಳೆಯ ಪಂಚೆಯನ್ನು ತಂದು ನಮ್ಮ ಕಡಲೆಯ ಮೇಲೆ ಹಾಸಿದರು. ಬೆಳಿಗ್ಗೆ ಅದು ಮಂಜಿನಿಂದ ತೊಯ್ದಿತ್ತು. ಹಿಂಡಿದಾಗ ಬಟ್ಟಲ ತಳದಲ್ಲಿ ನಸುಗಂದು ಬಣ್ಣದ ಹುಳಿ ನಿಂತಿತು. ಕಡಲೆಯ ಎಲೆಯ ಮೇಲಿನ ರೋಮಗಳು ಒಸರುವ ಹುಳಿ ಅದು. ಮಗಳು ಬೆರಳು ಅದ್ದಿ ನೆಕ್ಕಿ, ಕಣ್ಣು ಗಟ್ಟಿ ಮುಚ್ಚಿ, ಮತ್ತೆ ಬೆರಳು ಅದ್ದಿದಳು.

ಅಮವಾಸ್ಯೆಯಂದು, ಭೂಮಿತಾಯಿಗೆ ನೈವೇದ್ಯವಾಗಿ ಹೊಲದಲ್ಲಿ ಚರಗ ಚೆಲ್ಲುವ ದಿನ, ಕಾಕಾನ ಹೊಲಕ್ಕೆ ನಮ್ಮನ್ನೂ ಕರೆದರು. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ ಬುತ್ತಿಯಲ್ಲಿದ್ದವು. ಪಲ್ಯಕ್ಕೆ ನಾನು ನಮ್ಮ ಹಿತ್ತಲಿನ ಕಡಲೆಕುಡಿ ಒಯ್ದಿದ್ದೆ. ಸೆಪ್ಟೆಂಬರಿನ ನಂತರ ಒಂದೇ ಒಂದು ಮಳೆ ಕಂಡ ಬಿಳಿಜೋಳ ನನ್ನ ತಲೆಗಿಂತ ಎತ್ತರ ಬೆಳೆದು ನಿಂತಿತ್ತು. ಮೇ ತಿಂಗಳಲ್ಲಿ ಲಾರಿಯಿಂದ ನೋಡಿ ಎದೆ ನಡುಗಿಸಿದ್ದ ಕರಿಯ ಹೊಲಗಳು ಇವೇ.

ಫೆಬ್ರುವರಿ 20

ಟಾಕಿ ಜನವರಿ 27ಕ್ಕೆ ಬರಿದಾಯಿತು. ಅಲ್ಲಿಂದ ಮುಳಗಾಯಿಗೆ ಬೋರಿನ ನೀರನ್ನೇ ಹಾಕುತ್ತಿದ್ದೇನೆ, ಕಾಯಿ ಚಿಕ್ಕದಾಗಿವೆ. ಕಡಲೆ ಒಕ್ಕಿದಾಗ ಎರಡು ಸೇರಿಗೆ ಸ್ವಲ್ಪ ಕಡಿಮೆ ಬಂತು. ಚವಳಿಕಾಯಿ ಚಳಿಗೆ ಸೊರಗಿತು. ಅದನ್ನು ಮುಂದಿನ ಸಲ ಆಗಸ್ಟಿನಲ್ಲಿಯೇ ಬಿತ್ತಬೇಕು. ಮಳೆನೀರು ಸಿಕ್ಕ ಮೇಲೆ ಕರಿಬೇವು ಹೊಸ ಚಿಗುರು ಬಿಟ್ಟಿತ್ತು. ಈಗ ಅದಕ್ಕೆ ಮತ್ತೆ ಹಳದಿ ಹತ್ತದಂತೆ, ಪಾತ್ರೆ ತೊಳೆಯುವ ಮುಂಚೆ ಅಕ್ಕಿ ತೊಳೆದ ನೀರನ್ನು ಬೇರೆ ಇಟ್ಟು ಹಾಕುತ್ತೇನೆ.

ಕಾಕಾ ತಮ್ಮ ತೋಟದಿಂದ ಒಂದು ನಿಂಬೆಯ ಸಸಿ ಕೊಡುತ್ತೇನೆಂದಿದ್ದಾರೆ. ಇಂಡಿಯ ನಿಂಬೆಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ, ಈ ಊರಿನಲ್ಲಿ ಇದ್ದು ಅದನ್ನು ನೆಡದಿರುವುದು ಸರಿಯಲ್ಲ. ಗುಂಡಿಯನ್ನು ಈಗಲೇ ತೋಡಿ, ಬೇಸಿಗೆಯ ಬಿಸಿಲಿಗೆ ಬಿಟ್ಟು, ಮಳೆಗಾಲಕ್ಕೆ ನೆಡುವುದೆಂದು ನಿರ್ಧಾರವಾಗಿದೆ. ನಿನ್ನೆ ಎರಡು ಅಡಿ ಆಳ ಹೋಗಿದ್ದೇನೆ. ತಳದ ಮಣ್ಣು ಇನ್ನೂ ತಣ್ಣಗಿದೆ, ಹಿಸುಕಿದರೆ ಉಂಡೆ ಕಟ್ಟುತ್ತದೆ. ಈ ತಿಂಗಳೊಳಗೆ ಎರಡನೆಯ ಟಾಕಿಗೆ ಮಾಲೀಕರ ಒಪ್ಪಿಗೆ ಕೇಳಬೇಕು.