ಜಿಂಕ್ ಶೀಟ್ ಅಂದ್ರೆ ಮಾಡಿಗೆ ಹಾಕುವುದಲ್ಲ ಅಪ್ಪ

ಪಾರ್ಸೆಲ್ ಬಂದ ದಿನ ಅಪ್ಪ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರು. ಎಂತ ಬಂತು ಅಂತ ಕೇಳಿದರು. ನಾನು ಸುಮ್ನೆ "ಜಿಂಕ್ ಶೀಟ್" ಅಂದುಬಿಟ್ಟೆ. ಕೊಟ್ಟಿಗೆಯ ಮಾಡು ಸೋರಲು ಶುರುವಾಗಿ ಎರಡು ಮಳೆಗಾಲ ಆಯ್ತು, ಹೊಸ ಶೀಟು ಹಾಕಿಸಬೇಕು ಅಂತ ಅವರು ಹೇಳುತ್ತಲೇ ಇದ್ದಾರೆ. ಹಾಗಾಗಿ ನನ್ನ ಅಂಗೈಯಲ್ಲಿದ್ದ ಪುಟ್ಟ ಪೊಟ್ಟಣವನ್ನೂ ನನ್ನ ಮುಖವನ್ನೂ ಒಮ್ಮೆ ನೋಡಿ, "ಇದು ಎಷ್ಟು ಚದರಡಿಗೆ ಬರ್ತದೆ?" ಅಂದರು.

ಎರಡು ಇಂಚು ಅಗಲ, ಮೂರು ಇಂಚು ಉದ್ದ. ಅಷ್ಟೇ.

ಈ ಜಿಂಕ್‌ಗೂ ಸತುವಿಗೂ ಏನೂ ಸಂಬಂಧ ಇಲ್ಲ. ಶಾಯಿ ಸೊನ್ನೆ ಎನ್ನುವ ಅರ್ಥದ 'ಜೀರೋ ಇಂಕ್' ಎಂಬ ಎರಡು ಪದ ಸೇರಿಸಿ ಮಾಡಿದ, ಒಂದು ಫೋಟೋ ಕಾಗದದ ಹೆಸರು ಅದು. ಜೇಬಿನಲ್ಲಿ ಇಟ್ಟುಕೊಳ್ಳುವ ಪುಟ್ಟ ಫೋಟೋ ಪ್ರಿಂಟರ್‌ಗಳು ಬರುತ್ತವಲ್ಲ, ಫೋನಿನಿಂದ ಬ್ಲೂಟೂತ್‌ನಲ್ಲಿ ಕಳಿಸಿದರೆ ಒಂದು ನಿಮಿಷದ ಒಳಗೆ ಫೋಟೋ ಹೊರಗೆ ಬರುವಂಥವು, ಅವುಗಳಲ್ಲಿ ಹಲವು ಈ ಕಾಗದವನ್ನೇ ಬಳಸುತ್ತವೆ. ಎಚ್‌ಪಿಯ ಸ್ಪ್ರಾಕೆಟ್, ಕ್ಯಾನನ್‌ನ ಐವಿ ಎಲ್ಲ ಇದೇ ಜಾತಿ. ಇದರ ಮೂಲ ಪೋಲರಾಯ್ಡ್ ಕಂಪನಿಯ ಒಳಗೆ. 2005ರಲ್ಲಿ ಅಲ್ಲಿಂದ ಬೇರೆಯಾಗಿ ಜಿಂಕ್ ಇಮೇಜಿಂಗ್ ಅಂತ ಒಂದು ಕಂಪನಿ ಆಯ್ತು, 2008ರಲ್ಲಿ ಪೋಲರಾಯ್ಡ್ ಪೋಗೋ ಎಂಬ ಪ್ರಿಂಟರ್ ಮಾರುಕಟ್ಟೆಗೆ ಬಂತು.

ನಾನು ತಗೊಂಡದ್ದು ಅಜ್ಜಿಗೋಸ್ಕರ. ಅಜ್ಜಿಗೆ ಫೋನಿನಲ್ಲಿ ಇರುವುದು ಫೋಟೋ ಅಲ್ಲ. ತೋರಿಸಿದರೆ ನೋಡ್ತಾರೆ, ಬೆರಳು ತಾಗಿ ಅದು ಎಲ್ಲಿಗೋ ಹೋಗ್ತದೆ, "ಹೋಯ್ತು ಮಾರಾಯ" ಅಂತ ವಾಪಸು ಕೊಡ್ತಾರೆ. ಪ್ರಿಂಟ್ ಹಾಕಿಸಬೇಕಾದರೆ ಪೆರ್ಲದಿಂದ ಬಸ್ಸು ಹತ್ತಿ ಬದಿಯಡ್ಕಕ್ಕೆ ಹೋಗಬೇಕು. ಅಡಿಕೆ ಕೊಟ್ಟು ಬರುವ ದಿನ ನೆನಪಾದರೆ ಆಯ್ತು, ಇಲ್ಲದಿದ್ದರೆ ಇಲ್ಲ. ನಮ್ಮ ಮನೆಯಲ್ಲಿ ನನ್ನ ತಂಗಿಯ ಮದುವೆಯ ಆಲ್ಬಮ್ ಬಿಟ್ಟರೆ ಆಮೇಲಿನ ಯಾವ ಫೋಟೋವೂ ಕಾಗದದ ಮೇಲೆ ಇಲ್ಲ. ನಿಮ್ಮ ಮನೆಯಲ್ಲೂ ಹಾಗೇ ಅಲ್ವಾ?

ಮೊದಲ ಫೋಟೋ ಅಜ್ಜಿಯದ್ದೇ. ಅಡುಗೆಮನೆ ಬಾಗಿಲಲ್ಲಿ ಹಲಸಿನ ತೊಳೆ ಬಿಡಿಸುತ್ತಾ ಕೂತದ್ದು. ಪ್ರಿಂಟರ್ ಗುರ್ ಅಂತ ಕಾಗದ ಹೊರಗೆ ತಳ್ಳಿತು. ಅಜ್ಜಿ ಅದನ್ನು ಮುಟ್ಟಿ ನೋಡಿ ಕೇಳಿದ ಮೊದಲ ಪ್ರಶ್ನೆ, "ಬೆಚ್ಚಗೆ ಉಂಟಲ್ಲ, ಯಾಕೆ?"

ಅದೇ ಸರಿಯಾದ ಪ್ರಶ್ನೆ. ಈ ಪ್ರಿಂಟರ್ ಏನನ್ನೂ ಬರೆಯುವುದಿಲ್ಲ, ಬರೀ ಬಿಸಿ ಮಾಡುತ್ತದೆ. ಬಣ್ಣ ಎಲ್ಲ ಕಾಗದದ ಒಳಗೇ ಇದೆ. ನೋಡಲು ಬಿಳಿ ಕಾಗದ, ಆದರೆ ಅದರ ಮೇಲೆ ಒಂದರ ಕೆಳಗೆ ಒಂದು ಮೂರು ಬಣ್ಣದ ಪದರ. ಮೇಲೆ ಹಳದಿ, ನಡುವೆ ಮಜೆಂಟಾ ಅಂದರೆ ಕಡುಗುಲಾಬಿ, ಅಡಿಯಲ್ಲಿ ಸಯಾನ್ ಅಂದರೆ ತಿಳಿನೀಲಿ. ಇವು ಸಣ್ಣ ಹರಳುಗಳಾಗಿ ಇರುವಷ್ಟು ಹೊತ್ತು ಬಣ್ಣ ಕಾಣುವುದಿಲ್ಲ. ಬಿಸಿಗೆ ಕರಗಿದರೆ ಬಣ್ಣ ಬರುತ್ತದೆ, ಆಮೇಲೆ ತಣಿದರೂ ಹರಳಾಗದೆ ಹಾಗೇ ಉಳಿಯುತ್ತದೆ.

ಹಾಗಾದರೆ ಒಂದೇ ಬಿಸಿಗೆ ಮೂರೂ ಕರಗಬೇಕಲ್ವಾ? ಇಲ್ಲೇ ಇರುವುದು ಕೈಚಳಕ. ಅಮ್ಮ ದೋಸೆ ಎರೆಯುವುದನ್ನು ನೋಡಿ. ಜೋರು ಉರಿಯಲ್ಲಿ ತಳ ಮಾತ್ರ ಕೆಂಪಾಗಿ ಮೇಲೆ ಹಸಿಯಾಗಿಯೇ ಇರುತ್ತದೆ, ಸಣ್ಣ ಉರಿಯಲ್ಲಿ ಬಿಟ್ಟರೆ ಕಾವು ನಿಧಾನಕ್ಕೆ ಆಚೆ ಬದಿಯವರೆಗೆ ಹೋಗುತ್ತದೆ. ಮೇಲಿನ ಹಳದಿ ಕರಗಲು ಜಾಸ್ತಿ ಬಿಸಿ ಬೇಕು, ಆದರೆ ಕ್ಷಣಮಾತ್ರ ಸಾಕು. ಅಷ್ಟರಲ್ಲಿ ಕಾವು ಅಡಿಗೆ ಇಳಿಯುವುದಿಲ್ಲ. ಅಡಿಯ ನೀಲಿ ಕಡಿಮೆ ಬಿಸಿಗೇ ಕರಗುತ್ತದೆ, ಆದರೆ ಕಾವು ಅಲ್ಲಿಯವರೆಗೆ ಇಳಿಯಲು ಜಾಸ್ತಿ ಹೊತ್ತು ಬೇಕು. ಮಜೆಂಟಾ ಎರಡರ ಮಧ್ಯೆ. ಪ್ರಿಂಟರಿನ ತಲೆಯಲ್ಲಿ ಸಾಲಾಗಿ ಇರುವ ಪುಟಾಣಿ ಬಿಸಿಬಿಂದುಗಳು ಪ್ರತಿ ಚುಕ್ಕೆಗೂ ಎಷ್ಟು ಬಿಸಿ, ಎಷ್ಟು ಹೊತ್ತು ಅಂತ ಲೆಕ್ಕ ಹಾಕಿ ಮುಟ್ಟುತ್ತವೆ, ಕಾಗದ ಒಂದೇ ಸಲ ಅದರಡಿ ಹಾದು ಹೋಗುವಷ್ಟರಲ್ಲಿ ಮೂರೂ ಬಣ್ಣದ ಕೆಲಸ ಮುಗಿದಿರುತ್ತದೆ. ಇದನ್ನು ಓದಿ ನಾನು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಅಷ್ಟು ಚಂದದ ಉಪಾಯ.

ಬಸ್ಸಿನ ಟಿಕೇಟು, ಅಂಗಡಿ ಬಿಲ್ಲು ಕೂಡ ಬಿಸಿಯಲ್ಲೇ ಮೂಡುವುದು. ಆದರೆ ಅಂಗಿ ಜೇಬಿನಲ್ಲಿಟ್ಟ ಟಿಕೇಟು ಕೆಲವು ತಿಂಗಳಿಗೆ ಬಿಳಿಯಾಗುತ್ತದೆ. ಅದರ ರಸಾಯನ ಬೇರೆ. ಅಲ್ಲಿ ಎರಡು ವಸ್ತು ಸೇರಿ ಕಪ್ಪಾಗುವುದು, ಅವು ಮತ್ತೆ ಬೇರೆಯಾದರೆ ಅಕ್ಷರ ಮಾಯ. ಸಾವಿರ ರೂಪಾಯಿ ಆಸುಪಾಸಿಗೆ ಮಕ್ಕಳಿಗೆ ಅಂತ ಮಾರುವ, ಬೆಕ್ಕಿನ ಮುಖದ ಪುಟ್ಟ ಪ್ರಿಂಟರುಗಳು ಈ ಬಿಲ್ ಕಾಗದದವು, ಕಪ್ಪು ಬಿಳುಪು ಮಾತ್ರ. ಅದನ್ನು ನೋಡಿ ಇದು ಅಂತ ಮೋಸ ಹೋಗಬೇಡಿ. ಫ್ಯೂಜಿಯ ಇನ್‌ಸ್ಟಾಕ್ಸ್ ಕೂಡ ಬೇರೆಯೇ, ಅದು ನಿಜವಾದ ಫಿಲ್ಮು, ಬೆಳಕು ಬಿದ್ದರೆ ಹಾಳು. ಜಿಂಕ್ ಕಾಗದಕ್ಕೆ ಕತ್ತಲೆ ಕೋಣೆ ಬೇಡ, ಪೊಟ್ಟಣ ಜಗಲಿಯಲ್ಲೇ ಬಿಚ್ಚಬಹುದು. ಅದರ ಶತ್ರು ಬಿಸಿ.

ನನ್ನ ದಡ್ಡತನ ಕೇಳಿ. ಪೊಟ್ಟಣದಲ್ಲಿ ಹತ್ತು ಹಾಳೆಯ ಜೊತೆ ಒಂದು ನೀಲಿ ಕಾರ್ಡು ಇರುತ್ತದೆ. ಅದನ್ನು ಬಾರ್‌ಕೋಡ್ ಕೆಳಗೆ ಮಾಡಿ ಎಲ್ಲಕ್ಕಿಂತ ಅಡಿಯಲ್ಲಿ ಇಡಬೇಕು, ಹಾಳೆಗಳ ಹೊಳಪು ಮೇಲೆ ಬರಬೇಕು. ಮೊದಲಿಗೆ ಆ ಕಾರ್ಡು ಒಳಗೆ ಹೋಗಿ ಈ ಕಂತೆಯ ಕಾಗದಕ್ಕೆ ಎಷ್ಟು ಬಿಸಿ ಬೇಕು ಅಂತ ಪ್ರಿಂಟರಿಗೆ ಹೇಳಿ, ಒಳಗಿನ ದೂಳನ್ನೂ ಒರಸಿಕೊಂಡು ಹೊರಗೆ ಬರುತ್ತದೆ. ನಾನು ಎರಡನೇ ಪೊಟ್ಟಣದ ಕಾರ್ಡನ್ನು ಜಾಹೀರಾತು ಅಂದುಕೊಂಡು ಬದಿಗೆ ಎಸೆದೆ. ತಂಗಿಯ ಮಗಳ ಹುಟ್ಟುಹಬ್ಬದ ದಿನ ಅದು, ಮೇ ತಿಂಗಳು, ಮಧ್ಯಾಹ್ನ, ಪ್ರಿಂಟರನ್ನು ಅಂಗಳದ ಬಿಸಿಲಲ್ಲಿ ಕಾರಿನ ಬಾನೆಟ್ ಮೇಲೆ ಇಟ್ಟುಕೊಂಡು ಒಂದರ ಹಿಂದೆ ಒಂದು ಹೊಡೆದೆ. ಎಲ್ಲರ ಮುಖವೂ ಒಂದು ಥರ ಕೆಂಪು. ಚಿಕ್ಕಮ್ಮ ಫೋಟೋ ನೋಡಿ, "ನಮ್ಮನ್ನೆಲ್ಲ ಯಕ್ಷಗಾನದ ಬಣ್ಣದ ವೇಷ ಮಾಡಿದ್ದಾನೆ" ಅಂದರು. ಐದನೇ ಹಾಳೆಗೆ ಪ್ರಿಂಟರೇ ಬಿಸಿಯಾಗಿ ನಿಂತಿತು. ತಣಿಯಲಿ ಅಂತ ಕಾಯುವಾಗ ಅರ್ಧ ನೆಂಟರು ಪಾಯಸಕ್ಕೆ ಹೋದರು.

ತಣ್ಣಗಿನ ಕೋಣೆಯಲ್ಲಿ, ಕಾರ್ಡು ಹಾಕಿ, ನಡುನಡುವೆ ಬಿಡುವು ಕೊಟ್ಟು ಮಾಡಿದರೆ ಬಣ್ಣ ಪರವಾಗಿಲ್ಲ. ಪರವಾಗಿಲ್ಲ ಅಷ್ಟೇ, ಸ್ಟುಡಿಯೋದ ಪ್ರಿಂಟಿನ ಹತ್ತಿರಕ್ಕೂ ಬರುವುದಿಲ್ಲ. ಕತ್ತಲೆಯ ಜಾಗ ಮಸಿಯಾಗುತ್ತದೆ, ರಾತ್ರಿ ಯಕ್ಷಗಾನದಲ್ಲಿ ತೆಗೆದದ್ದಂತೂ ಬೇಡವೇ ಬೇಡ. ಫೋನಿನಲ್ಲೇ ಒಂದು ಚೂರು ಬೆಳಕು ಏರಿಸಿ ಕಳಿಸಿ. ಕಡಿಮೆಗೂ ಬರುವುದಿಲ್ಲ, ನನಗೆ ಒಂದು ಹಾಳೆಗೆ 25 ರೂಪಾಯಿ ಹತ್ತಿರ ಬಿತ್ತು. ಹಾಗಾಗಿ ಮದುವೆ, ಉಪನಯನದ ಫೋಟೋ ಬದಿಯಡ್ಕದ ಸ್ಟುಡಿಯೋಕ್ಕೇ ಹೋಗಲಿ ಅಂತ ನನ್ನ ಅಭಿಪ್ರಾಯ.

ಇದು ಕೊಟ್ಟುಬಿಡುವ ಫೋಟೋಕ್ಕೆ. ಹಿಂದೆ ಅಂಟು ಇರುತ್ತದೆ, ಸಿಪ್ಪೆ ತೆಗೆದು ಅಂಟಿಸಿದರೆ ಆಯ್ತು. ಅಜ್ಜಿ ಮೊದಲನೆಯದನ್ನು ಪತ್ತಾಯದ ಬಾಗಿಲಿಗೆ ಅಂಟಿಸಿಕೊಂಡರು. ಹಸು ಗೌರಿಯದ್ದು ಕೊಟ್ಟಿಗೆ ಕಂಬಕ್ಕೆ, ಅಮ್ಮ ಉಪ್ಪಿನಕಾಯಿ ಭರಣಿಗೆ ಮಾವಿನ ಮರದ್ದು. ಆ ಭರಣಿ ಒಲೆಯ ಪಕ್ಕದ ಕಟ್ಟೆಯಲ್ಲಿ ಇತ್ತು, ನಾನೇ ಆಚೆ ಸರಿಸಿದೆ. ಮಳೆಗಾಲಕ್ಕೆ ಉಳಿದ ಹಾಳೆಗಳನ್ನು ಹಪ್ಪಳದ ಡಬ್ಬದಲ್ಲಿ ಗಟ್ಟಿ ಮುಚ್ಚಿ ಇಟ್ಟಿದ್ದೇನೆ. ನಮ್ಮಲ್ಲಿ ಜೂನ್ ತಿಂಗಳಲ್ಲಿ ಗೋಡೆಯ ಗಾಜಿನ ಚೌಕಟ್ಟಿನ ಒಳಗೂ ಬೂಷ್ಟು ಬರುತ್ತದೆ, ತೇವಕ್ಕೆ ಮಡಚಿಕೊಂಡ ಹಾಳೆ ಪ್ರಿಂಟರಿನಲ್ಲಿ ಸಿಕ್ಕಿಕೊಂಡರೆ ಎಳೆಯುವುದು ಯಾರು.

ನೀಲಿ ಕಾರ್ಡುಗಳನ್ನು ಈಗ ಅಜ್ಜಿ ಎಸೆಯಲು ಬಿಡುವುದಿಲ್ಲ. ಎಷ್ಟು ಹೇಳಿದರೂ ಅವರ ಪ್ರಕಾರ ಅವು ಫೋಟೋ ಬಾರದೆ ಹೋದ ಹಾಳೆಗಳು. ಒಂದು ಪಂಚಾಂಗದೊಳಗೆ ಗುರುತಿಗೆ ಇದೆ. ಮೊನ್ನೆ ಏಕಾದಶಿ ನೋಡಲು ಪಂಚಾಂಗ ತೆಗೆದಾಗ ಅದನ್ನು ತಿರುಗಿಸಿ ನೋಡಿ ಅಜ್ಜಿ ಮತ್ತೆ ಕೇಳಿದರು, "ಇದ್ರಲ್ಲಿ ಯಾರದ್ದು ತೆಗ್ದದ್ದು ನೀನು?"