ಪುಸ್ತಕಪಟ್ಟಿಯ ಜಾಲತಾಣ: ಲೋಕಲ್ ರೈಲಿನ ಪರೀಕ್ಷೆ ಎಲ್ಲಿಗೆ ಬಂತು

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಕನ್ನಡ ವಾಚನಾಲಯದ ಪುಸ್ತಕಪಟ್ಟಿ ಈಗ ಜಾಲತಾಣದಲ್ಲಿ ಓಡುತ್ತಿದೆ. ಮನೆಯ ವೈಫೈನಲ್ಲಿ ಎಲ್ಲವೂ ಸರಾಗ. ಆದರೆ ನಮ್ಮ ಓದುಗರು ಪುಸ್ತಕ ಹುಡುಕುವುದು ಬೆಳಗಿನ ಲೋಕಲ್‌ನಲ್ಲಿ, ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಮೊಬೈಲ್. ಪರೀಕ್ಷೆಯೂ ಅಲ್ಲೇ ನಡೆಯಬೇಕೆಂದು ಹಟ ಹಿಡಿದೆ.

ಕೊಡುವುದು ಒಂದೇ ಕೆಲಸ: ಬೇಕಾದ ಪುಸ್ತಕ ಹುಡುಕಿ ಕಾದಿರಿಸಿ. ಆಮೇಲೆ ನಾನು ಬಾಯಿ ಬಿಡುವಂತಿಲ್ಲ, ಬೆರಳು ಎಲ್ಲಿ ತಡವರಿಸುತ್ತದೆ ಎಂದಷ್ಟೇ ನೋಡಬೇಕು. ಐದು ಜನರನ್ನು ಕೂರಿಸಿದರೆ ಹೆಚ್ಚಿನ ತೊಡಕುಗಳು ಹೊರಬೀಳುತ್ತವೆ ಎಂದು ಜಾಲತಾಣಗಳ ಬಳಕೆಯನ್ನು ಸುಲಭಗೊಳಿಸುವ ವಿಷಯದ ತಜ್ಞ ಜೇಕಬ್ ನೀಲ್ಸನ್ 2000ರಲ್ಲೇ ಬರೆದಿದ್ದರು. ನನಗೆ ಮೊದಲನೆಯವರಿಂದಲೇ ವಾರದ ಕೆಲಸ ಸಿಕ್ಕಿತು.

ಬ್ಯಾಂಕಿನಿಂದ ನಿವೃತ್ತರಾದ ಅಕ್ಕನೊಬ್ಬರು ಪುಸ್ತಕದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರು. ಫಲಿತಾಂಶ ಸೊನ್ನೆ. ಅವರು ಮಾಡಿದ್ದೇ ಸರಿ, ನೂಕುನುಗ್ಗಲಿನಲ್ಲಿ ಕೀಲಿಮಣೆ ಬದಲಿಸುವವರು ಯಾರು? ಈಗ ಹುಡುಕಾಟ ಎರಡೂ ಲಿಪಿಗಳನ್ನು ಒಪ್ಪುತ್ತದೆ. ಲ–ಳ, ನ–ಣ, ಅಲ್ಪಪ್ರಾಣ–ಮಹಾಪ್ರಾಣಗಳ ಭೇದವನ್ನೂ ಲೆಕ್ಕಿಸುವುದಿಲ್ಲ.

ಠಾಣೆ ದಾಟುವಾಗ ನೆಟ್‌ವರ್ಕ್ ಹೋಯಿತು. ಉತ್ತರ ಬಾರದ ಗುಂಡಿಯನ್ನು ಅವರು ಮತ್ತೆ ಮತ್ತೆ ಒತ್ತಿದರು, ಅದೇ ಪುಸ್ತಕ ಹಲವು ಸಲ ಅವರ ಹೆಸರಿಗೆ ಬರೆದುಕೊಂಡಿತು. ನಾನು ಹೆಚ್ಚು ಹೊತ್ತು ಕೂತದ್ದು ಇದರ ಮೇಲೆಯೇ. ಈಗ ಪ್ರತಿ ಕೋರಿಕೆಗೂ ಒಂದು ಗುರುತಿನ ಸಂಖ್ಯೆ ಇದೆ. ಅದೇ ಸಂಖ್ಯೆ ಎಷ್ಟು ಬಾರಿ ತಲುಪಿದರೂ ಸರ್ವರ್ ಒಮ್ಮೆ ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಸಂಪರ್ಕ ಇಲ್ಲದಿದ್ದರೆ ಕೋರಿಕೆ ಫೋನಿನಲ್ಲೇ ಉಳಿದು, ಬಂದೊಡನೆ ಹೊರಡುತ್ತದೆ. ‘ನೆಟ್‌ವರ್ಕ್ ಇಲ್ಲ, ಕೋರಿಕೆ ಉಳಿಸಿದ್ದೇವೆ’ ಎಂಬ ಸಾಲು ಪರದೆಯಲ್ಲಿ ಕಾಣಿಸಿದ ಮೇಲೆ ಯಾರೂ ಮತ್ತೆ ಒತ್ತಲಿಲ್ಲ. ಓದುಗರಿಗೆ ಇಷ್ಟು ಭರವಸೆ ಕೊಡಲೇಬೇಕು.

ಬಾಗಿಲ ಬಳಿಯ ಬಿಸಿಲಿಗೆ ಬೂದು ಅಕ್ಷರ ಮಾಯವಾಗುತ್ತಿತ್ತು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಬೆಳಕಿನ ಅಂತರ ಬೇಕೆನ್ನುತ್ತದೆ ಜಾಲ ಸುಗಮತೆಯ ಮಾರ್ಗಸೂಚಿ (WCAG), ಅಂದರೆ ಜಾಲತಾಣವನ್ನು ಎಲ್ಲರೂ ಬಳಸುವಂತೆ ಕಟ್ಟುವ ನಿಯಮಗಳು. ನಾನು ಬಹುತೇಕ ಕಪ್ಪನ್ನೇ ಬಳಿದೆ. ಅಕ್ಷರ ದೊಡ್ಡದು ಮಾಡಿಕೊಂಡವರ ಫೋನಿನಲ್ಲಿ ‘ರಾಷ್ಟ್ರ’ದ ಒತ್ತುಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ತಾಗುತ್ತಿದ್ದವು. ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.7 ಪಟ್ಟಿಗೆ ಏರಿಸಿದ ಮೇಲೆ ಸರಿಹೋಯಿತು.

ಗುಂಡಿಗಳ ವಿಷಯ ಇನ್ನೂ ಮುಗಿದಿಲ್ಲ. ಅದೇ ಮಾರ್ಗಸೂಚಿಯ 2023ರ ಆವೃತ್ತಿ ಹೇಳುವ ಕನಿಷ್ಠ ಅಳತೆ 24 ಪಿಕ್ಸೆಲ್. ಓಲಾಡುವ ಬೋಗಿಯಲ್ಲಿ ಅದು ಸಾಲದು, 48 ಇಟ್ಟಿದ್ದೇನೆ. ‘ಕಾದಿರಿಸಿ’ ಮತ್ತು ‘ರದ್ದುಮಾಡಿ’ ಮಾತ್ರ ಈಗಲೂ ಅಕ್ಕಪಕ್ಕದಲ್ಲಿವೆ. ಮಳೆಗಾಲದ ಒದ್ದೆ ಪರದೆಯಲ್ಲಿ ಬೆರಳು ಒತ್ತಿದ್ದೊಂದು, ಫೋನು ತಿಳಿದದ್ದೊಂದು ಆಗುತ್ತದೆ. ಮಳೆಗಾಲ ಬರುವಷ್ಟರೊಳಗೆ ಅವೆರಡನ್ನು ದೂರ ಮಾಡಬೇಕು.