ತಮ್ಮನ ಟ್ಯೂಬ್ ತೆಗೆದರು

ಶ್ವಾಸಕೋಶ ಕುಗ್ಗಿದ್ದಕ್ಕೆ ತಮ್ಮನ ಎದೆಗೆ ಹಾಕಿದ್ದ ಟ್ಯೂಬ್ ಇವತ್ತು ತೆಗೆದರು. ಎಕ್ಸ್‌ರೇಯಲ್ಲಿ ಎಡ ಶ್ವಾಸಕೋಶ ಪೂರ್ತಿ ಅರಳಿದೆ. ವಿಚಾರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಪೆಟ್ಟೇ ಬೀಳದೆ ಹೇಗಾಯ್ತು ಅಂತ ತುಂಬಾ ಜನ ಕೇಳಿದಿರಿ. ಎತ್ತರವಾಗಿ, ತೆಳ್ಳಗಿರುವ ಹುಡುಗರಲ್ಲಿ ಇದು ತಾನಾಗೇ ಆಗುವುದುಂಟು. ಶ್ವಾಸಕೋಶದ ಮೇಲ್ತುದಿಯಲ್ಲಿ ಸಣ್ಣ ಗುಳ್ಳೆಯೊಂದು ಒಡೆದು ಗಾಳಿ ಅದರ ಹೊರಗೆ, ಎದೆಗೂಡಿನೊಳಕ್ಕೆ ಸೋರುತ್ತದೆ. ಆ ಗಾಳಿ ಒತ್ತಿ ಶ್ವಾಸಕೋಶ ಕುಗ್ಗುತ್ತದೆ. ಸ್ವಲ್ಪವೇ ಕುಗ್ಗಿದ್ದರೆ ಎಷ್ಟೋ ಸಲ ಸುಮ್ನೆ ಕಾಯುತ್ತಾರೆ, ಗಾಳಿಯನ್ನು ಮೈಯೇ ಹೀರಿಕೊಳ್ಳುತ್ತದೆ. ಇವನಿಗೆ ಆ ಗಾಳಿ ತೆಗೆಯಲು ಟ್ಯೂಬ್ ಬೇಕಾಯಿತು. ಅದರ ಇನ್ನೊಂದು ತುದಿ ಮಂಚದ ಕೆಳಗೆ, ನೀರಿನ ಬಾಟಲಿಯಲ್ಲಿ. ಕೆಮ್ಮಿದಾಗ ಗುಳುಗುಳು ಅಂದರೆ ಇನ್ನೂ ಸೋರುತ್ತಿದೆ ಎಂದರ್ಥ. ಅಮ್ಮ ರಾತ್ರಿಯೆಲ್ಲ ಆ ಬಾಟಲಿಯನ್ನೇ ನೋಡುತ್ತಾ ಕೂತಿರುತ್ತಿದ್ದರು. ನಮ್ಮ ಉಸಿರನ್ನು ನಾವು ಯಾವತ್ತಾದರೂ ಅಷ್ಟು ಗಮನಿಸಿದ್ದೀವಾ? ಇಲ್ಲ ಅಲ್ವಾ.

ಈಗ ಮೂರು ಚೆಂಡಿನ ಸ್ಪೈರೋಮೀಟರ್, ಅಂದರೆ ಉಸಿರು ಎಳೆದು ಚೆಂಡು ಏರಿಸುವ ಉಸಿರಾಟದ ವ್ಯಾಯಾಮದ ಸಾಧನ. ಎರಡು ಚೆಂಡು ಸಲೀಸಾಗಿ ಏರುತ್ತವೆ, ಮೂರನೆಯದು ಅಲ್ಲಾಡಿ ಕೆಳಗೆ ಬೀಳುತ್ತದೆ. ಬರುತ್ತೆ, ಅವಸರ ಇಲ್ಲ. ಭಾರ ಎತ್ತುವಂತಿಲ್ಲ, ಸದ್ಯಕ್ಕೆ ವಿಮಾನವೂ ಬೇಡ. ಸಿಗರೇಟು ಪೂರ್ತಿ ಬಂದ್, ಯಾಕೆಂದರೆ ಇದು ಮತ್ತೆ ಬರಬಹುದು. ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಮಾಡುವ, ಸಮುದ್ರದೊಳಗೆ ಮುಳುಗಿ ಈಜುವ ಆಸೆ ಅವನಿಗೆ. ಡಾಕ್ಟರ್ ಬೇಡವೇ ಬೇಡ ಅಂದಿದ್ದಾರೆ. ದೋಣಿಯಲ್ಲಿ ಕರೆದುಕೊಂಡು ಹೋಗ್ತೀನಿ ಅಂತ ಮಾತು ಕೊಟ್ಟಿದ್ದೇನೆ.